ರಸಮಂಜರಿಯ ಮೈದಾನದಲ್ಲಿ ಉಸಿರಾಟಕ್ಕೆ ಜಾಗ ಉಳಿಸಿಕೊಳ್ಳುವ ಬಗೆ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಹೆಸರಾಂತ ಗಾಯಕರ ರಸಮಂಜರಿ ಇದೆಯೆಂದು ಫ್ಲೆಕ್ಸ್ ಕಟ್ಟಿದರೆ ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿಗಳಿಂದಲೂ ಜನ ಬಂದು ಸೇರುತ್ತಾರೆ. ಉಚಿತ ಪ್ರವೇಶವೆಂದರಂತೂ ಎಷ್ಟು ಮಂದಿ ಬರುವರೆಂದು ಕರೆದವರೂ ಹೇಳಲಾರರು. ಹಾಗೆ ಹೋಗುವವರು ತಿಳಿದಿರಬೇಕಾದ ಸಂಗತಿಗಳನ್ನು, ಕಾರ್ಯಕ್ರಮ ನಡೆಸುವವರು ಮಾಡಲೇಬೇಕಾದ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ಸಂದಣಿಯಲ್ಲಿ ಜನ ಸತ್ತಾಗಲೆಲ್ಲ ನಾವು 'ಕಾಲ್ತುಳಿತ' ಎನ್ನುತ್ತೇವೆ. ಆ ಮಾತು ಕೇಳಿದವರ ಕಣ್ಣ ಮುಂದೆ ದಿಕ್ಕೆಟ್ಟು ಓಡುವ ಜನ, ಅವರ ಕಾಲಡಿ ಸಿಕ್ಕವರು ಬಂದು ನಿಲ್ಲುತ್ತಾರೆ. ವಾಸ್ತವದಲ್ಲಿ ಹೆಚ್ಚಿನವರು ಎದೆ ಅದುಮಿ, ಉಸಿರುಗಟ್ಟಿ, ಎಷ್ಟೋ ಸಲ ನಿಂತಲ್ಲಿಯೇ ಸಾಯುತ್ತಾರೆ. ಉಸಿರು ಒಳಗೆಳೆಯಲು ಪಕ್ಕೆಲುಬುಗಳು ಹಿಗ್ಗಬೇಕು. ಹಿಂದಿನಿಂದ ನೂರಾರು ಮಂದಿಯ ಭಾರ ಒತ್ತಿ, ಮುಂದೆ ಬ್ಯಾರಿಕೇಡ್ ತಡೆದು ನಿಂತರೆ ಅವು ಹಿಗ್ಗಲು ಎಡೆಯೇ ಇರುವುದಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ 2021ರ ನವೆಂಬರ್ 5ರಂದು ನಡೆದ ಆಸ್ಟ್ರೋವರ್ಲ್ಡ್ ಸಂಗೀತೋತ್ಸವದಲ್ಲಿ ಪ್ರಾಣ ಕಳೆದುಕೊಂಡ 10 ಮಂದಿಯೂ ಹೀಗೆ ಎದೆ ಅದುಮಿಯೇ ಸತ್ತರು. ಅವರಲ್ಲಿ 9 ವರ್ಷದ ಒಬ್ಬ ಬಾಲಕನೂ ಇದ್ದ. ಇಂಥ ಕಡೆ ಹಿಂದೆ ನಿಂತು ತಳ್ಳುವವರಿಗೆ ಮುಂದೆ ಏನಾಗುತ್ತಿದೆಯೆಂಬುದು ಕಾಣುವುದೇ ಇಲ್ಲ. ಆದುದರಿಂದ ಜನರ ಅಶಿಸ್ತನ್ನು ಹಳಿದು ಸುಮ್ಮನಾಗುವುದು ನನಗೆ ನ್ಯಾಯವೆನಿಸುವುದಿಲ್ಲ.

ಅಪಾಯವನ್ನು ಅಳೆಯಲು ಒಂದು ಸುಲಭದ ಅಳತೆಯಿದೆ. ಮನೆಯಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದು ಅದರೊಳಗೆ ಮನೆಮಂದಿ ನಿಂತು ನೋಡಿ. ನಾಲ್ವರಿದ್ದರೆ ಕೈ ಆಡಿಸಬಹುದು, ಪಕ್ಕಕ್ಕೆ ತಿರುಗಬಹುದು. ಐವರಾದರೆ ಮೈಗೆ ಮೈ ತಾಗತೊಡಗುತ್ತದೆ. ಆರೇಳು ಮಂದಿಯಾದರೆ ಯಾರೂ ತಮ್ಮಿಚ್ಛೆಯಂತೆ ಹೆಜ್ಜೆಯಿಡಲಾರರು. ಅಷ್ಟು ದಟ್ಟವಾದ ಸಂದಣಿ ನೀರಿನಂತೆ ವರ್ತಿಸುತ್ತದೆ, ಒಂದು ಕಡೆಯ ತಳ್ಳಾಟ ಅಲೆಯಾಗಿ ಸಾಗಿ ಇನ್ನೊಂದು ಕಡೆ ಬಡಿಯುತ್ತದೆ ಎಂದು ಜನಸಂದಣಿಯ ಅಧ್ಯಯನ ಮಾಡಿದ ಜಾನ್ ಫ್ರೂಯಿನ್ ದಶಕಗಳ ಹಿಂದೆಯೇ ವಿವರಿಸಿದ್ದಾರೆ. ದುಗ್ಗಮ್ಮನ ಜಾತ್ರೆಯ ಅಖಾಡದಲ್ಲಿ ಗೆದ್ದ ಪೈಲ್ವಾನನೂ ಆ ಅಲೆಯನ್ನು ತೋಳ್ಬಲದಿಂದ ತಡೆಯಲಾರ. ನಾಲ್ಕು ಐದಕ್ಕೆ ಏರುವ ಹೊತ್ತಿನಲ್ಲೇ, ಇನ್ನೂ ನಡೆಯಲು ಸಾಧ್ಯವಿರುವಾಗಲೇ ಹೊರಗೆ ಸರಿಯಬೇಕು. ಈ ಬರಹದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ಕಂಡವರಿಗೆ ಬಾಗಿಲಿನ ಲೆಕ್ಕವನ್ನು ಹೊಸದಾಗಿ ಹೇಳಬೇಕಿಲ್ಲ: ಹೊರಗೆ ದಂಡೇ ನಿಂತಿದ್ದರೂ ಒಮ್ಮೆಗೆ ಒಳಗೆ ನುಸುಳಬಲ್ಲವನು ಒಬ್ಬನೇ. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಮಂದಿ, ಮೆಟ್ಟಿಲುಗಳಿದ್ದರೆ 66 ಮಂದಿ ಸಾಗಬಲ್ಲರೆಂದು ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತೆಯ ಮಾರ್ಗಸೂಚಿ ಲೆಕ್ಕ ಹಾಕುತ್ತದೆ. ಆ ಲೆಕ್ಕದಂತೆ, ಮೂರು ಮೀಟರ್ ಅಗಲದ ಒಂದೇ ಗೇಟಿನಿಂದ 12,000 ಮಂದಿ ಶಿಸ್ತಾಗಿ ಹೊರಬಂದರೂ ಮುಕ್ಕಾಲು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ 2023ರ ನವೆಂಬರ್ 25ರಂದು ಸಂಗೀತ ಕಾರ್ಯಕ್ರಮಕ್ಕೆ ಕಾದಿದ್ದವರು ಮಳೆ ಬಂತೆಂದು ಒಳಗೆ ನುಗ್ಗಿದಾಗ ಮೆಟ್ಟಿಲುಗಳ ಮೇಲೆ ಬಿದ್ದು ನಾಲ್ವರು ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಸತ್ತದ್ದೂ ಗೇಟುಗಳ ಹೊರಗಿನ ಒತ್ತಡದಲ್ಲಿಯೇ. ಇವೆರಡರಿಂದ ಕಲಿಯಬೇಕಾದದ್ದು ಇಷ್ಟು: ಗೇಟಿನ ಮುಂದೆ ಜನ ಗುಂಪುಗಟ್ಟಿದ್ದರೆ ಆ ಗುಂಪಿನ ನಡುವೆ ಸೇರಬೇಡಿ, ಮಳೆ ಬಂದರೆ ನೆನೆಯಿರಿ, ಓಡಬೇಡಿ.

ಮೈದಾನ ಹೊಕ್ಕ ಕೂಡಲೇ, ಬಂದ ಗೇಟನ್ನು ಬಿಟ್ಟು ಇನ್ನೆರಡು ದಾರಿಗಳನ್ನು ಗುರುತಿಸಿಕೊಳ್ಳಿ. ವೇದಿಕೆಯ ನೇರ ಮುಂಭಾಗ, ಬ್ಯಾರಿಕೇಡ್‌ಗಳು ಕೂಡುವ ಮೂಲೆ, ಧ್ವನಿವರ್ಧಕದ ಕಂಬಗಳ ಬುಡ, ಕಾಂಪೌಂಡ್ ಗೋಡೆಯ ಪಕ್ಕ, ಇವೆಲ್ಲ ಒತ್ತಡ ಬಂದಾಗ ಸರಿಯಲು ದಾರಿಯಿಲ್ಲದ ಜಾಗಗಳು; ಹಿಂಭಾಗದ ಅಂಚಿನಲ್ಲಿ ನಿಂತರೆ ಗಾಯಕರ ಮುಖ ಚಿಕ್ಕದಾಗಿ ಕಂಡೀತು, ಹಾಡು ಕೇಳುವುದಕ್ಕೇನೂ ಕೊರತೆಯಾಗದು. ಜನ ಹೆಚ್ಚಿದಂತೆ ಮೊಬೈಲ್ ಸಿಗ್ನಲ್ ಸಿಗದೆ ಹೋಗಬಹುದಾದ್ದರಿಂದ, ಬೇರೆಯಾದರೆ ಎಲ್ಲಿ ಸೇರಬೇಕೆಂದು ಮೈದಾನದ ಹೊರಗಿನ ಒಂದು ಅಂಗಡಿಯನ್ನೋ ಮರವನ್ನೋ ಮೊದಲೇ ಗೊತ್ತುಮಾಡಿಕೊಳ್ಳಿ. ಹವಾಯಿ ಚಪ್ಪಲಿಗಿಂತ ಲೇಸ್ ಕಟ್ಟಿದ ಶೂ ಲೇಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು, ದುಪಟ್ಟಾವನ್ನಾಗಲಿ ಬ್ಯಾಗಿನ ಪಟ್ಟಿಯನ್ನಾಗಲಿ ಕುತ್ತಿಗೆಗೆ ಸುತ್ತಿಕೊಳ್ಳಬಾರದು. ಚಿಕ್ಕ ಮಕ್ಕಳನ್ನು ಜನ ನಿಂತು ನೋಡುವ ಕಾರ್ಯಕ್ರಮಕ್ಕೆ ಕರೆದೊಯ್ಯಲೇಬಾರದೆಂಬುದು ನನ್ನ ದೃಢ ಅಭಿಪ್ರಾಯ. ಹೆಗಲ ಮೇಲೆ ಕೂರಿಸಿಕೊಂಡರೆ ಮಗು ಕ್ಷೇಮವೆಂದು ಅನೇಕ ತಂದೆಯರು ನಂಬಿದ್ದಾರೆ. ಹೊತ್ತವನೇ ಆಯತಪ್ಪಿದರೆ ಆ ಮಗು ಬೀಳುವುದು ಎಲ್ಲರ ಕಾಲ ಬಳಿಗೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಕಾರ್ಯಕ್ರಮದಲ್ಲಿ ನಾನು ಹೀಗೆ ಸಿಲುಕಿದ್ದೆ. ಕಣ್ಣಿಗೆ ಇಳಿದ ಬೆವರನ್ನು ಒರೆಸಿಕೊಳ್ಳಲು ಹೋದಾಗ ಎರಡು ಕೈಗಳೂ ಪಕ್ಕೆಗೆ ಅಂಟಿ ಮೇಲೇಳದಿದ್ದುದು ಇಂದಿಗೂ ನೆನಪಿದೆ. ಕೈಯನ್ನು ಮುಖದವರೆಗೆ ಎತ್ತಲಾಗದಿದ್ದರೆ, ನಡೆಯದಿದ್ದರೂ ಮೈ ತಾನಾಗಿ ಅತ್ತಿತ್ತ ತೂಗುತ್ತಿದ್ದರೆ, ಮುಂದಿನಿಂದ ಚೀರಾಟ ಕೇಳಿಸುತ್ತಿದ್ದರೆ ಹಾಡು ಮುಗಿಯುವವರೆಗೂ ಕಾಯಬೇಡಿ. ಒಂದು ಕಾಲನ್ನು ಮುಂದಿಟ್ಟು, ಮಂಡಿಗಳನ್ನು ತುಸು ಬಗ್ಗಿಸಿ, ಮುಂಗೈಗಳನ್ನು ಎದೆಯ ಮುಂದೆ ಅಡ್ಡವಾಗಿ ಹಿಡಿಯಿರಿ. ಆ ನಾಲ್ಕು ಬೆರಳಿನಷ್ಟು ಎಡೆಯೇ ನಿಮ್ಮ ಉಸಿರಿಗೆ ಆಧಾರ. ತಳ್ಳುವ ಅಲೆಗೆ ಎದುರು ನಿಲ್ಲದೆ ಅದರೊಡನೆ ಸಾಗಿ, ಅದು ತಗ್ಗಿದ ಕ್ಷಣದಲ್ಲಿ ಓರೆಯಾಗಿ ಅಂಚಿನತ್ತ ಎರಡು ಹೆಜ್ಜೆ ಸರಿಯಿರಿ, ಮತ್ತೆ ಕಾಯಿರಿ, ಮತ್ತೆ ಸರಿಯಿರಿ. ಕೂಗಾಡಿ ಉಸಿರನ್ನು ವ್ಯಯಮಾಡಬೇಡಿ. ಮೊಬೈಲ್ ಬಿದ್ದರೆ ಬಗ್ಗಬೇಡಿ, ಅದು ಹೋದರೆ ಹೋಗಲಿ.

ಬಿದ್ದರೆ ಸಿಕ್ಕವರ ಕೈ ಹಿಡಿದು ತಕ್ಷಣ ಏಳಬೇಕು. ಏಳಲಾಗದಿದ್ದರೆ ಒಂದು ಮಗ್ಗುಲಿಗೆ ತಿರುಗಿ, ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು, ತೋಳುಗಳಿಂದ ತಲೆಯನ್ನು ಮುಚ್ಚಿಕೊಳ್ಳಬೇಕು. ಅಂಗಾತವಾಗಲಿ ಬೋರಲಾಗಲಿ ಮಲಗಿದರೆ ಭಾರವೆಲ್ಲ ಎದೆಯ ಮೇಲೆಯೇ ಬೀಳುತ್ತದೆ. ಹೊರಗೆ ತಂದವರಲ್ಲಿ ಯಾರಾದರೂ ಪ್ರಜ್ಞೆಯಿಲ್ಲದೆ, ಉಸಿರಾಡದೆ ಇದ್ದರೆ 108ಕ್ಕೆ ಕರೆಮಾಡಲು ಒಬ್ಬರಿಗೆ ಹೇಳಿ, ಎದೆಯ ನಟ್ಟನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು.

ಸಂಘಟಕರ ಹೊಣೆ ಇದೆಲ್ಲಕ್ಕಿಂತ ದೊಡ್ಡದು, ಏಕೆಂದರೆ ಮೈದಾನದ ನಕ್ಷೆ ಅವರ ಕೈಯಲ್ಲಿದೆ. ಗಣ್ಯರಿಗೆಂದು ಮುಂದಿನ ಅರ್ಧವನ್ನು ಸೋಫಾಗಳಿಂದ ತುಂಬಿಸಿ, ಉಳಿದವರನ್ನು ಹಿಂದಿನ ಇಕ್ಕಟ್ಟಿಗೆ ತಳ್ಳುವ ಪದ್ಧತಿಯನ್ನು ಕೈಬಿಡಬೇಕು. ನಿಲ್ಲುವ ಜಾಗವನ್ನು ಅಳೆದು, ಚದರ ಮೀಟರಿಗೆ ನಾಲ್ವರನ್ನು ಮೀರದಂತೆ ಒಳಬಿಟ್ಟು, ಭರ್ತಿಯಾದೊಡನೆ ಗೇಟಿಗಿಂತ ಬಹಳ ಹಿಂದೆಯೇ, ರಸ್ತೆಯ ತಿರುವಿನಲ್ಲೇ ಜನರನ್ನು ತಡೆದು ತಿಳಿಸಬೇಕು. 2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯದ ಸೋಲ್ ನಗರದ ಇಟೇವಾನ್‌ನಲ್ಲಿ, ಮೂರು ಮೀಟರಿನಷ್ಟೇ ಅಗಲದ ಇಳಿಜಾರು ಓಣಿಯ ನೂಕುನುಗ್ಗಲು 159 ಜೀವಗಳನ್ನು ಬಲಿ ತೆಗೆದುಕೊಂಡಿತು. ಅಲ್ಲಿಯೂ ಪೊಲೀಸರ ತುರ್ತು ಸಂಖ್ಯೆ ನಮ್ಮಲ್ಲಿರುವಂತೆ 112. ಅನಾಹುತಕ್ಕೆ ಮೂರೂವರೆ ಗಂಟೆ ಮೊದಲೇ, ಸಂಜೆ 6.34ಕ್ಕೆ, ಅಪಾಯದ ಮೊದಲ ಕರೆ ಹೋಗಿತ್ತು. ಒಟ್ಟು 11 ಕರೆಗಳು ಹೋಗಿದ್ದವು. ಕರೆ ಬಂದರೆ ಸಾಲದು, ಅದನ್ನು ಕೇಳಿ ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರವುಳ್ಳ ಒಬ್ಬರು ಸ್ಥಳದಲ್ಲಿರಬೇಕು. ಆಸ್ಟ್ರೋವರ್ಲ್ಡ್‌ನಲ್ಲಿ ಸಾಮೂಹಿಕ ಅನಾಹುತವೆಂದು ಅಧಿಕಾರಿಗಳು ಘೋಷಿಸಿದ ಮೇಲೂ ಅರ್ಧ ಗಂಟೆಗೂ ಹೆಚ್ಚು ಕಾಲ ಹಾಡು ನಡೆಯುತ್ತಲೇ ಇತ್ತು. ನಮ್ಮ ಕಾರ್ಯಕ್ರಮಗಳಲ್ಲಿ ಆ ಅಧಿಕಾರ ಯಾರಿಗಿದೆಯೆಂದು ಗಾಯಕರಿಗೆ, ನಿರೂಪಕರಿಗೆ, ಸೌಂಡ್ ಸಿಸ್ಟಮ್‌ನವರಿಗೆ ಮೊದಲೇ ತಿಳಿಸಿರಬೇಕು. ಅವರು ಸನ್ನೆ ಮಾಡಿದೊಡನೆ ಹಾಡು ನಿಂತು, ಮೈದಾನದ ದೀಪಗಳೆಲ್ಲ ಹೊತ್ತಿ, ಹಿಂದಿನ ಸಾಲಿನವರು ಹತ್ತು ಹೆಜ್ಜೆ ಹಿಂದೆ ಸರಿಯಬೇಕೆಂದು ಮೈಕಿನಲ್ಲಿ ನಿಧಾನವಾಗಿ, ಮತ್ತೆ ಮತ್ತೆ ಹೇಳಬೇಕು. ಮುಂದಿನವರಿಗೆ ಹೇಳಿ ಪ್ರಯೋಜನವಿಲ್ಲ. ಹಿಂದಿನವರು ಸರಿಯದೆ ಅವರು ಒಂದಡಿಯೂ ಕದಲಲಾರರು.