ವಿಕಿರಣದಿಂದ ತುಂಡಾದ ಡಿಎನ್‌ಎಯನ್ನು ನ್ಯಾನೊಮೀಟರ್ ಮಟ್ಟದಲ್ಲಿ ಅಳೆಯುವ ಬಗೆ

ಈ ಅಳತೆಗೆ ಪಿಯುಸಿ 19 (pUC19) ಎಂಬಂತಹ ಚಿಕ್ಕ ಪ್ಲಾಸ್ಮಿಡ್, ಅಂದರೆ ಉಂಗುರಾಕಾರದ ಡಿಎನ್‌ಎ ಅಣು, ಅನುಕೂಲಕರ. ಅದರಲ್ಲಿ 2,686 ಪ್ರತ್ಯಾಮ್ಲ ಜೋಡಿಗಳಿದ್ದು (ಡಿಎನ್‌ಎಯ ಎರಡು ಎಳೆಗಳನ್ನು ಬೆಸೆಯುವ ಮೆಟ್ಟಿಲುಗಳು), ಜೋಡಿಯೊಂದಕ್ಕೆ 0.34 ನ್ಯಾನೊಮೀಟರ್‌ನಂತೆ ಲೆಕ್ಕ ಹಾಕಿದರೆ ಒಟ್ಟು ಉದ್ದ ಸುಮಾರು 910 ನ್ಯಾನೊಮೀಟರ್ ಆಗುತ್ತದೆ. ಹಾನಿಯಾಗದ ಅಣು ಹುರಿಗೊಂಡ ದಾರದಂತೆ ಮುದುಡಿರುತ್ತದೆ. ಒಂದು ಎಳೆ ಕಡಿದರೆ ಹುರಿ ಬಿಚ್ಚಿ ಸಡಿಲ ಉಂಗುರವಾಗುತ್ತದೆ. ಎರಡೂ ಎಳೆಗಳು ಹತ್ತಿರ ಹತ್ತಿರದಲ್ಲೇ ಕಡಿದರೆ ಉದ್ದನೆಯ ದಾರವಾಗುತ್ತದೆ.

ಪ್ಲಾಸ್ಮಿಡ್ ದ್ರಾವಣವನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ವಿಕಿರಣ ಕೊಡಿ. ಬಫರಿನಲ್ಲಿರುವ (ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣ) ಟ್ರಿಸ್ ಎಂಬ ರಾಸಾಯನಿಕವು, ವಿಕಿರಣದಿಂದ ನೀರಿನಲ್ಲಿ ಹುಟ್ಟಿ ಡಿಎನ್‌ಎಯನ್ನು ಕಡಿಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹೀರಿಕೊಂಡು ಹಾನಿಯನ್ನು ತಗ್ಗಿಸುವುದರಿಂದ ಅದರ ಪ್ರಮಾಣವನ್ನು ಪ್ರತಿ ಪ್ರಯೋಗದಲ್ಲೂ ಒಂದೇ ಆಗಿರಿಸಬೇಕು. ಫಲಿತಾಂಶಗಳು ಹೊಂದದಿದ್ದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ.

ಅಂಟುಪಟ್ಟಿಯಿಂದ ಅಭ್ರಕದ ಮೇಲ್ಪದರವನ್ನು ಸುಲಿದು ಹೊಸ ಮೈ ತೆರೆಯಿರಿ. ಅಭ್ರಕ, ಡಿಎನ್‌ಎ ಎರಡೂ ಋಣ ವಿದ್ಯುದಂಶವುಳ್ಳವಾದ್ದರಿಂದ, ಅಣುಗಳು ಅಂಟಿಕೊಳ್ಳಲು ಕೆಲವು ಮಿಲಿಮೋಲಾರ್ ಮೆಗ್ನೀಸಿಯಂ ಅಥವಾ ನಿಕಲ್ ಕ್ಲೋರೈಡ್ ಬೆರೆಸಿದ ಡಿಎನ್‌ಎ ದ್ರಾವಣದ ಹನಿಯನ್ನು ಅದರ ಮೇಲಿಟ್ಟು, ಕೆಲವು ನಿಮಿಷ ಬಿಟ್ಟು, ಶುದ್ಧ ನೀರಿನಿಂದ ಮೆಲ್ಲಗೆ ತೊಳೆದು, ನೈಟ್ರೋಜನ್‌ನಿಂದ ಒಣಗಿಸಬೇಕು.

ನಂತರ, ಚೂಪಾದ ಸೂಜಿಯಿಂದ ಮೇಲ್ಮೈಯನ್ನು ತಡವಿ ಚಿತ್ರ ರೂಪಿಸುವ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ (ಎಎಫ್‌ಎಂ) ಚಿತ್ರ ತೆಗೆದು, ಮೂರೂ ರೂಪಗಳನ್ನು ಎಣಿಸಿ, ದಾರಗಳ ಉದ್ದವನ್ನು ಗುರುತಿಸಿ. ಒಂದರ ಮೇಲೊಂದು ಬಿದ್ದ ಅಣುಗಳನ್ನು ಬಿಟ್ಟುಬಿಡಿ. ಸೂಜಿಯ ತುದಿಯೇ ಹಲವು ನ್ಯಾನೊಮೀಟರ್ ದಪ್ಪವಿರುವುದರಿಂದ 2 ನ್ಯಾನೊಮೀಟರ್ ಅಗಲದ ಡಿಎನ್‌ಎ ಚಿತ್ರದಲ್ಲಿ ಉಬ್ಬಿ ಕಾಣುತ್ತದೆ; ಆದ್ದರಿಂದ ಅಗಲವನ್ನಲ್ಲ, ಉದ್ದವನ್ನು ನಂಬಿ. 910ಕ್ಕಿಂತ ಸ್ಪಷ್ಟವಾಗಿ ಚಿಕ್ಕದಾದ ತುಣುಕು ಸಿಕ್ಕರೆ, ಆ ಅಣು ಎರಡು ಅಥವಾ ಹೆಚ್ಚು ಕಡೆ ಪೂರ್ತಿ ತುಂಡಾಗಿದೆ ಎಂದರ್ಥ. ವಿಕಿರಣ ಕೊಡದ ಪಾಲಿನಲ್ಲಿ ಕಂಡ ಉಂಗುರ ಮತ್ತು ದಾರಗಳ ಪ್ರಮಾಣವನ್ನು ಕಡೆಯಲ್ಲಿ ಕಳೆಯುವುದನ್ನು ಮರೆಯಬೇಡಿ.