ಹನ್ನೊಂದನೇ ಎಲೆಕ್ಟ್ರಾನ್‌ಗೆ ಜಾಗ ಎಲ್ಲಿ?

ಸಾರು ಉಕ್ಕಿ ಗ್ಯಾಸ್ ಒಲೆಯ ಉರಿಗೆ ಬಿದ್ದಾಗ ನೀಲಿ ಉರಿ ಒಂದು ಕ್ಷಣ ಹಳದಿಯಾಗುತ್ತದೆ. ನೋಡಿರುತ್ತೀರಿ, ಅಲ್ವಾ? ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನ್‌ಗಳಿವೆ. ಈ ಹಳದಿ ಅವುಗಳಲ್ಲಿ ಒಂದರ ಕೆಲಸ. ಉಳಿದ ಹತ್ತು ಯಾಕೆ ಸುಮ್ನೆ ಕೂತಿರುತ್ತವೆ? ಹಾಳೆ, ಪೆನ್ಸಿಲ್ ತಗೊಳ್ಳಿ. ಪರಮಾಣುವನ್ನು ನಾವೇ ತುಂಬಿಸೋಣ.

ಮೊದಲು ವಿಳಾಸ. ಪ್ರತಿ ಎಲೆಕ್ಟ್ರಾನ್‌ಗೂ ನಾಲ್ಕು ಸಂಖ್ಯೆಗಳು: ಎಷ್ಟನೇ ಕವಚ (ಪರಮಾಣು ಕೇಂದ್ರದ ಸುತ್ತಲಿನ ಪದರ), ಆರ್ಬಿಟಲ್‌ನ (ಆ ಪದರದಲ್ಲಿ ಎಲೆಕ್ಟ್ರಾನ್ ಸಿಗುವ ಜಾಗ) ಆಕಾರ, ಅದರ ದಿಕ್ಕು, ಸ್ಪಿನ್ (ಎಲೆಕ್ಟ್ರಾನ್‌ನ ಹುಟ್ಟುಗುಣ) ಮೇಲಕ್ಕೋ ಕೆಳಕ್ಕೋ. 1925ರಲ್ಲಿ ಭೌತವಿಜ್ಞಾನಿ ವೋಲ್ಫ್‌ಗ್ಯಾಂಗ್ ಪೌಲಿ ಹೇಳಿದ್ದು ಇಷ್ಟೇ: ಒಂದು ಪರಮಾಣುವಿನಲ್ಲಿ ಯಾವ ಎರಡು ಎಲೆಕ್ಟ್ರಾನ್‌ಗಳಿಗೂ ಈ ನಾಲ್ಕೂ ಸಂಖ್ಯೆ ಒಂದೇ ಆಗಿರುವುದಿಲ್ಲ.

ಈಗ ತುಂಬಿಸಿ. ಮೊದಲ ಕವಚದಲ್ಲಿ ಒಂದೇ ಆರ್ಬಿಟಲ್. ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ ಬರೆಯಿರಿ. 2 ಆಯಿತು, ಭರ್ತಿ. ಎರಡನೇ ಕವಚದಲ್ಲಿ ಗುಂಡನೆಯದು ಒಂದು, ಡಂಬೆಲ್ ಆಕಾರದವು ಮೂರು. ತಲಾ ಎರಡರಂತೆ 8. ಹನ್ನೊಂದನೆಯದು ಮೂರನೇ ಕವಚಕ್ಕೆ ಹೋಗಲೇಬೇಕು.

ಆದರೆ ಯಾಕೆ ಹೀಗೆ? ಋಣ ವಿದ್ಯುತ್ತಿನ ಕಣಗಳು ಒಂದನ್ನೊಂದು ತಳ್ಳುತ್ತವೆ, ಅದಕ್ಕೇ ಎಂದು ಎಷ್ಟೋ ಜನ ಹೇಳಿಬಿಡುತ್ತಾರೆ. ಅದು ತಪ್ಪು. ಮೊದಲ ಆರ್ಬಿಟಲ್‌ನಲ್ಲಿ ಎರಡು ಎಲೆಕ್ಟ್ರಾನ್ ಒಟ್ಟಿಗೇ ಇವೆಯಲ್ಲ! ನಿಜವಾದ ಕಾರಣ ಬೇರೆ, ನಿಧಾನವಾಗಿ ಓದಿ. ಎಲೆಕ್ಟ್ರಾನ್‌ಗಳೆಲ್ಲ ತದ್ರೂಪು. ಎರಡನ್ನು ಅದಲುಬದಲು ಮಾಡಿದರೆ ಅವುಗಳ ವೇವ್ ಫಂಕ್ಷನ್‌ನ (ಅವುಗಳ ಸ್ಥಿತಿಯನ್ನು ಹೇಳುವ ಗಣಿತದ ಸೂತ್ರ) ಚಿಹ್ನೆ ತಿರುಗುತ್ತದೆ, ಪ್ಲಸ್ ಇದ್ದದ್ದು ಮೈನಸ್. ಎರಡೂ ಒಂದೇ ವಿಳಾಸದಲ್ಲಿದ್ದವು ಅಂದುಕೊಳ್ಳಿ. ಆಗ ಅದಲುಬದಲು ಮಾಡಿದರೂ ಏನೂ ಬದಲಾಗಬಾರದು. ಚಿಹ್ನೆ ಮಾತ್ರ ತಿರುಗಲೇಬೇಕು. ತನ್ನದೇ ಮೈನಸ್‌ಗೆ ಸಮನಾದ ಸಂಖ್ಯೆ ಯಾವುದಿದೆ? ಸೊನ್ನೆ ಒಂದೇ. ವೇವ್ ಫಂಕ್ಷನ್ ಸೊನ್ನೆ ಎಂದರೆ ಅಂಥ ಸ್ಥಿತಿಯೇ ಇಲ್ಲ.

ಚಿಹ್ನೆ ಯಾಕೆ ತಿರುಗುತ್ತದೆ ಎಂಬುದು ಎಲೆಕ್ಟ್ರಾನ್‌ನ ಸ್ಪಿನ್‌ನ ಅಳತೆ ಅರ್ಧ (1/2) ಆಗಿರುವುದಕ್ಕೆ ಸೇರಿದ್ದು. ಆ ನಂಟನ್ನು 1940ರಲ್ಲಿ ಪೌಲಿಯೇ ಸಾಪೇಕ್ಷತೆಯ ನೆರವಿನಿಂದ ತೋರಿಸಿದರು. ಅದರ ಗಣಿತ ಜಾಸ್ತಿ, ಇಲ್ಲಿ ಬೇಡ.

ಮತ್ತೆ ನಿಮ್ಮ ಹಾಳೆ ನೋಡಿ. ಹೊರಗಿನ ಒಂಟಿ ಎಲೆಕ್ಟ್ರಾನ್ ಕೀಳಲು 5.1 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ) ಸಾಕು. ಅದರ ನಂತರದ್ದಕ್ಕೆ 47 ಬೇಕು! ಒಲೆಯ ಉರಿ ಈ ಒಂಟಿಯನ್ನು ಒಂದು ಮೆಟ್ಟಿಲು ಮೇಲೆತ್ತುತ್ತದೆ. ಅದು ಕೆಳಗಿಳಿಯುವಾಗ 589 ನ್ಯಾನೊಮೀಟರ್‌ನ ಬೆಳಕು ಬಿಡುತ್ತದೆ, ಅದೇ ಹಳದಿ.