ಸಿಗಡಿ ಸಿಪ್ಪೆಯ ಸಕ್ಕರೆಯನ್ನು ಔಷಧಕ್ಕೆ ಪಳಗಿಸಿದ್ದು: ನನ್ನ ಅನುಭವ

ಸಕ್ಕರೆ ಅಣುವನ್ನು ಇದ್ದ ಹಾಗೇ ಔಷಧ ಮಾಡಲು ಹೋದರೆ ಎರಡು ತೊಂದರೆ. ಅದರ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳು (ಆಕ್ಸಿಜನ್-ಹೈಡ್ರೋಜನ್ ಜೋಡಿ). ನೀರಿಗೆ ಸುಲಭವಾಗಿ ಬೆರೆಯುತ್ತದೆ, ಜೀವಕೋಶದ ಕೊಬ್ಬಿನ ಪೊರೆ ದಾಟಲು ಮಾತ್ರ ಒದ್ದಾಡುತ್ತದೆ. ಜೊತೆಗೆ, ಸಕ್ಕರೆಯ ಕೊಂಡಿ ಕಡಿಯುವ ಕಿಣ್ವಗಳು ನಮ್ಮ ಹೊಟ್ಟೆಯಲ್ಲೇ ಇವೆ.

ಡಾಪಾಗ್ಲಿಫ್ಲೋಜಿನ್ ನೋಡಿ. ಶುಗರ್ ಇರುವ ಎಷ್ಟೋ ಜನ ಈಗ ಈ ಮಾತ್ರೆ ನುಂಗುತ್ತಾರೆ. ಇದರ ಮೂಲ ಫ್ಲೋರಿಜಿನ್, 1835ರಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅದರಲ್ಲಿ ಗ್ಲೂಕೋಸನ್ನು ಹಿಡಿದಿದ್ದು ಒಂದು ಆಕ್ಸಿಜನ್. ಕರುಳಿನ ಕಿಣ್ವ ಸರಿಯಾಗಿ ಅಲ್ಲೇ ಕಡಿಯುತ್ತದೆ. ಹೊಸ ಔಷಧದಲ್ಲಿ ಆ ಆಕ್ಸಿಜನ್ ಇಲ್ಲ, ಕಾರ್ಬನ್ನಿಗೆ ಕಾರ್ಬನ್ನೇ ನೇರ ಬೆಸೆದಿದೆ. ಇನ್ನೊಂದು ಔರಾನೋಫಿನ್. ಕೀಲುವಾತಕ್ಕೆ ಚಿನ್ನದ ಸಂಯುಕ್ತಗಳನ್ನು ಮೊದಲು ಇಂಜೆಕ್ಷನ್ನಿನಲ್ಲೇ ಕೊಡಬೇಕಿತ್ತು. ಸಕ್ಕರೆಯ ನಾಲ್ಕು ಹೈಡ್ರಾಕ್ಸಿಲ್‌ಗೆ ಅಸಿಟೈಲ್ (ವಿನೆಗರ್ ಆಮ್ಲದ ತುಂಡು) ಹೊದಿಸಿ, ಚಿನ್ನಕ್ಕೆ ಫಾಸ್ಫೀನ್ ಎಂಬ ರಂಜಕದ ಸಂಯುಕ್ತ ಕಟ್ಟಿದ ಮೇಲೆ ಬಾಯಲ್ಲಿ ನುಂಗುವ ಔಷಧ ಸಿಕ್ಕಿತು. 1985ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಬಂತು.

ನಾನು ಕಾರವಾರದಲ್ಲಿ ಕೆಮಿಸ್ಟ್ರಿ ಮಕ್ಕಳಿಗೆ ಹೀಗೆ ಸಕ್ಕರೆಯನ್ನು ಔಷಧಕ್ಕೆ ಪಳಗಿಸುವ ಪ್ರಾಜೆಕ್ಟ್ ಮಾಡಿಸುತ್ತೇನೆ. ಸಕ್ಕರೆಯನ್ನು ಬಾಟಲಿಯಲ್ಲಿ ತರಿಸಬಹುದಿತ್ತು. ಆದರೆ ಬೈತಖೋಲ ಬಂದರಿನ ಹತ್ತಿರ ಸಿಗಡಿ ಸುಲಿದ ಸಿಪ್ಪೆ ರಾಶಿ ಬಿದ್ದಿರುತ್ತದಲ್ಲ, ಅದರೊಳಗೇ ಗ್ಲೂಕೋಸಮೈನ್ ಎಂಬ ಸಕ್ಕರೆ ಇದೆ. ಸಿಪ್ಪೆ ಸುಲಿಯುವ ಅಕ್ಕ, "ಇದನ್ನ ತಗೊಂಡು ಎಂತ ಮಾಡ್ತ್ರಿ ಮಾಸ್ತರ್ರೇ?" ಎಂದರು. ಔಷಧಕ್ಕೆ ಎಂದೆ. ಮಾರನೇ ದಿನ ತೊಳೆದೇ ಕೊಟ್ಟರು.

ಒಣಗಿಸಿ ಪುಡಿ ಮಾಡಿದ ಸಿಪ್ಪೆಗೆ ಮೊದಲು ತೆಳು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣದ ಅಂಶವೆಲ್ಲ ನೊರೆಯೆದ್ದು ಹೋಗುತ್ತದೆ. ದೊಡ್ಡ ಬೀಕರ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಉಕ್ಕಿ ಟೇಬಲ್ಲೆಲ್ಲ ಆಗುತ್ತದೆ. ಆಮೇಲೆ ಬಿಸಿ ಕಾಸ್ಟಿಕ್ ಸೋಡಾ ನೀರು, ಪ್ರೋಟೀನ್ ತೆಗೆಯಲು. ಉಳಿಯುವುದು ಕೈಟಿನ್, ಅದೇ ಸಕ್ಕರೆಯ ಉದ್ದ ಸರಪಳಿ. ಅದನ್ನು ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಫ್ಯೂಮ್ ಹುಡ್ (ಹೊಗೆ ಹೊರಗೆಳೆಯುವ ಗೂಡು) ಒಳಗೇ ಕಾಯಿಸಬೇಕು. 1876ರಲ್ಲಿ ಜರ್ಮನಿಯ ಲೆಡ್ಡರ್‌ಹೋಸ್ ಕಡಲೇಡಿಯ ಚಿಪ್ಪಿನಿಂದ ಗ್ಲೂಕೋಸಮೈನ್ ತೆಗೆದದ್ದೂ ಹೀಗೇ. ಕಪ್ಪು ದ್ರಾವಣಕ್ಕೆ ಇದ್ದಿಲ ಪುಡಿ ಹಾಕಿ ಸೋಸಿ, ಬತ್ತಿಸಿ, ಆಲ್ಕೋಹಾಲ್ ಬೆರೆಸಿದರೆ ಬಿಳಿ ಹರಳು.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಈ ಸಕ್ಕರೆಯಲ್ಲಿ ನಾಲ್ಕು ಹೈಡ್ರಾಕ್ಸಿಲ್, ಒಂದು ಅಮೈನ್ (ನೈಟ್ರೋಜನ್ ಗುಂಪು). ನಮಗೆ ಹೈಡ್ರಾಕ್ಸಿಲ್‌ಗಳು ಮುಚ್ಚಬೇಕು, ಅಮೈನ್ ತೆರೆದಿರಬೇಕು. ಅಲ್ಲಿಗೇ ತಾನೇ ಔಷಧದ ತುಂಡು ಜೋಡಿಸುವುದು! ಆದರೆ ಅಸಿಟೈಲ್ ಹೊದಿಸುವ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿದರೆ ಅಮೈನೂ ಸೇರಿ ಎಲ್ಲವೂ ಮುಚ್ಚಿಬಿಡುತ್ತದೆ. ಅದಕ್ಕೇ ಮೊದಲು ಅಮೈನನ್ನು ಬಚ್ಚಿಡಬೇಕು. ಗೋಡೆಗೆ ಬಣ್ಣ ಬಳಿಯುವವರು ಸ್ವಿಚ್ಚಿಗೆ ಟೇಪ್ ಅಂಟಿಸುತ್ತಾರಲ್ಲ, ಹಾಗೆ. ನಮ್ಮ ಟೇಪ್ ಅನಿಸಾಲ್ಡಿಹೈಡ್.

ಹರಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕರಗಿಸಿ, ಅನಿಸಾಲ್ಡಿಹೈಡ್ ಸುರಿದು ಜೋರಾಗಿ ಕಲಕಿ, ಮಂಜುಗಡ್ಡೆಯಲ್ಲಿಡಿ. ಲ್ಯಾಬೆಲ್ಲ ಬಡೆಸೋಪಿನ ಪರಿಮಳ. ಸ್ವಲ್ಪ ಹೊತ್ತಿಗೆ ಫ್ಲಾಸ್ಕಿನ ಗೋಡೆಯಲ್ಲಿ ಬಿಳಿ ಮಬ್ಬು ಕಟ್ಟಿ, ನೋಡುತ್ತಿದ್ದಂತೆ ಇಡೀ ದ್ರಾವಣ ಹೆಪ್ಪುಗಟ್ಟುತ್ತದೆ. ಮಕ್ಕಳು ಎಲ್ಲ ಕೆಲಸ ಬಿಟ್ಟು ಓಡಿ ಬರುವುದು ಈ ಹೊತ್ತಿಗೇ. ಇದನ್ನು ಚೆನ್ನಾಗಿ ಒಣಗಿಸಬೇಕು. ಜೂನ್ ಬಂದರೆ ನಮ್ಮ ಕರಾವಳಿಯ ಗಾಳಿಯಲ್ಲಿ ಒಣಗುವ ಮಾತೇ ಇಲ್ಲ, ಡೆಸಿಕೇಟರ್ (ತೇವ ಹೀರುವ ಮುಚ್ಚಿದ ಪಾತ್ರೆ) ಬೇಕೇ ಬೇಕು. ನೀರಿನ ಪಸೆ ಉಳಿದರೆ ಅದು ಅನ್‌ಹೈಡ್ರೈಡನ್ನು ತಿಂದು ಹಾಕುತ್ತದೆ.

ಆಮೇಲೆ ಪಿರಿಡಿನ್ ಎಂಬ ದ್ರವದಲ್ಲಿ ಅಸಿಟಿಕ್ ಅನ್‌ಹೈಡ್ರೈಡ್. ನಾಲ್ಕೂ ಹೈಡ್ರಾಕ್ಸಿಲ್ ಮುಚ್ಚಿತು. ಕೊನೆಗೆ ಬೆಚ್ಚಗಿನ ಅಸಿಟೋನಿನಲ್ಲಿ ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟರೆ ಟೇಪ್ ಕಿತ್ತು ಬರುತ್ತದೆ, ನಮ್ಮ ಅಮೈನ್ ಉಪ್ಪಾಗಿ ತಳಕ್ಕಿಳಿಯುತ್ತದೆ. ಈ ದಾರಿ ನನಗೆ ಇಷ್ಟವಾಗುವುದು ಇದಕ್ಕೇ. ಎಲ್ಲ ಹಂತದಲ್ಲೂ ಹರಳು ಸಿಗುತ್ತದೆ, ಸೋಸಿದರೆ ಮುಗಿಯಿತು. ಸಕ್ಕರೆ ಕೆಮಿಸ್ಟ್ರಿಯಲ್ಲಿ ಸಾಮಾನ್ಯವಾಗಿ ಸಿಗುವುದು ಅಂಟು ಪಾಕ. ಅದನ್ನು ಶುದ್ಧ ಮಾಡಲು ಕಾಲಮ್ಮಿಗೆ (ಬೇರ್ಪಡಿಸುವ ಕೊಳವೆಗೆ) ಸುರಿಯುವ ಸಾಲ್ವೆಂಟಿನ ಖರ್ಚು ಸಣ್ಣ ಕಾಲೇಜಿಗೆ ತಡೆಯುವುದಿಲ್ಲ.

ಟೇಪ್ ಪೂರ್ತಿ ಹೋಯಿತಾ ಎಂದು ನೋಡಲು ದುಬಾರಿ ಯಂತ್ರ ಬೇಡ, ಟಿಎಲ್‌ಸಿ ಪ್ಲೇಟ್ (ವಸ್ತುಗಳನ್ನು ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ಹಲಗೆ) ಸಾಕು. ಅನಿಸಾಲ್ಡಿಹೈಡ್ ಹಿಡಿದಿದ್ದ ಸಕ್ಕರೆ ಯುವಿ ದೀಪದಡಿ ಕಾಣುತ್ತದೆ. ಬಿಟ್ಟ ಮೇಲೆ ಕಾಣುವುದಿಲ್ಲ. ಅದೇ ಪ್ಲೇಟಿಗೆ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದರೆ ನೇರಳೆ ಚುಕ್ಕೆ ಏಳುತ್ತದೆ, ಅಂದರೆ ಅಮೈನ್ ತೆರೆದಿದೆ. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಗೆ ಮಾತ್ರ ಸ್ಯಾಂಪಲ್ ಹೊರಗೆ ಕಳಿಸುತ್ತೇವೆ. ಒಂದನೇ ಕಾರ್ಬನ್ನಿನ ಹೈಡ್ರೋಜನ್ನಿನ ಗೆರೆ 8 ಹರ್ಟ್ಸ್ ಆಸುಪಾಸಿನ ಅಂತರದಲ್ಲಿ ಎರಡಾಗಿ ಸೀಳಿದ್ದರೆ ಅದು ಬೀಟಾ ರೂಪ (ಆ ಕಾರ್ಬನ್ನಿನ ಗುಂಪು ಉಂಗುರದ ಸಮಕ್ಕೆ ಚಾಚಿರುವುದು), ನಮಗೆ ಬೇಕಾದದ್ದು ಅದೇ.

ಈ ಹಾದಿ ಹಿಡಿಯುವವರಿಗೆ ಒಂದು ಮಾತು. ಕೊನೆಯಲ್ಲಿ ಸಿಗುವುದನ್ನು ಉಪ್ಪಿನ ರೂಪದಲ್ಲೇ ತಣ್ಣಗೆ ಇಡಿ. ಸುಮ್ನೆ ಮುಂಚೆಯೇ ಪ್ರತ್ಯಾಮ್ಲ ಹಾಕಿ ಅಮೈನ್ ಬಿಡಿಸಿಟ್ಟರೆ, ಪಕ್ಕದ ಆಕ್ಸಿಜನ್ ಮೇಲಿನ ಅಸಿಟೈಲ್ ಜಾರಿ ಅಮೈನಿಗೆ ಹೋಗಿ ಕೂರಬಹುದು. ಔಷಧದ ತುಂಡು, ಜೋಡಿಸುವ ರೀಏಜೆಂಟ್ ಎರಡೂ ತೂಗಿ ಇಟ್ಟುಕೊಂಡ ಮೇಲೆಯೇ ಅದನ್ನು ಬಿಡಿಸಿ.